ಹಸಿರು ಬಳಿದ ಬಾವಿ

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಸುತ್ತು ಹಾಕಿ ಬರೆಯಲು ನನಗೆ ಬರುವುದಿಲ್ಲ. ಮೊನ್ನೆ ಒಬ್ಬರ ಮನೆಗೆ ಹೋದಾಗ ಕೈಗೆ ಕೊಟ್ಟ ನೀರನ್ನು ಮೂಸಿ ನೋಡಿದೆ. ಹೊರಗೆ ಬಂದ ಮೇಲೆ ಮೊಮ್ಮಗಳು ಗದರಿದಳು.

"ಅಜ್ಜಿ, ಮಂದಿ ಏನ್ ತಿಳ್ಕೋತಾರ? ಬೆಕ್ಕಿನಗತೆ ಮೂಸ್ತೀಯಲ್ಲ!"

ಮೂಸುತ್ತೇನೆ. ನೀರಿಗೆ ಔಷಧದ ಪುಡಿಯ ಘಾಟು ಇದ್ದರೆ ನನಗೆ ಸಮಾಧಾನ. ವಾಸನೆಯಿಲ್ಲದೆ, ಕನ್ನಡಿಯಂತೆ ತಿಳಿಯಾಗಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ. ಯಾಕೆಂದು ಬಾಯಲ್ಲಿ ಹೇಳಿದರೆ ಅವಳು ಅರ್ಧ ಕೇಳಿ ಎದ್ದು ಹೋಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ನೆಟ್ಟಗೆ ಬರುವುದಿಲ್ಲ, ಅದು ಬೇರೆ ಮಾತು.

ಎಂಬತ್ತರ ಮೊದಲ ವರ್ಷಗಳ ಕಥೆ ಇದು. ನಮ್ಮ ಯಜಮಾನರು ರೈಲ್ವೆಯವರು. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದು, ಕ್ವಾರ್ಟರ್ಸಿನಲ್ಲಿ ಬೇಸತ್ತು, ಅದಕ್ಕೂ ಹತ್ತು ವರ್ಷ ಮೊದಲೇ ಪ್ರತಾಪ ನಗರದ ಆಚೆ ಒಂದು ಪ್ಲಾಟು ಕೊಂಡಿದ್ದರು. ಆಗ ಅದು ಊರಿನ ಕೊನೆ. ಕರಿಮಣ್ಣು, ಮಳೆ ಬಂದರೆ ಚಪ್ಪಲಿ ಕಾಲು ಬಿಟ್ಟು ಅಲ್ಲೇ ನಿಲ್ಲುತ್ತಿತ್ತು. ನಳದ ನೀರು ಬಂದಿರಲಿಲ್ಲ. ನಮ್ಮ ಸಾಲಿನ ಎಲ್ಲ ಮನೆಯವರೂ ತಮ್ಮ ತಮ್ಮ ಅಂಗಳದಲ್ಲಿ ಬಾವಿ ತೋಡಿಸಿದ್ದರು.

ಮನೆ ಕಟ್ಟುವಾಗ ಗೌಂಡಿ, ಬಾವಿ ಎಲ್ಲಿ, ಪಾಯಖಾನೆಯ ಗುಂಡಿ ಎಲ್ಲಿ ಎಂದು ಕೇಳಿದ. ಇದರಲ್ಲಿ ಕೇಳುವುದೇನಿದೆ? ಬಾವಿ ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ. ಶಾಸ್ತ್ರ ತಿಳಿದವರು ಎಲ್ಲ ಮನೆಗೂ ಅದನ್ನೇ ಹೇಳಿದ್ದರು, ಎಲ್ಲರೂ ಹಾಗೇ ಕಟ್ಟಿಸಿದ್ದರು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಗೆ ಪಶ್ಚಿಮಕ್ಕೆ ತಗುಲಿ ಧಾರವಾಡದವರ ಮನೆ. ಆಕೆಯ ಗಂಡನಿಗೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ನೌಕರಿ. ನಾನು ಆಕೆಗೆ ವೈನಿ, ಎಂದರೆ ಅತ್ತಿಗೆ, ಆಕೆ ನನಗೆ ವೈನಿ. ಜಗಳವೂ ಆಗುತ್ತಿತ್ತು, ಸಂಜೆಗೆ ಉಪ್ಪಿನಕಾಯಿಯೂ ಹೋಗುತ್ತಿತ್ತು. ಆಕೆಯ ಬಾವಿಯ ನೀರು ಒರಟು, ತೊಗರಿಬೇಳೆ ಬೇಯುತ್ತಿರಲಿಲ್ಲ. ನಮ್ಮ ಬಾವಿಯದು ಸಿಹಿ. ಒಂದು ಕುದಿಗೆ ಬೇಳೆ ಬೆಣ್ಣೆ. ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ನಮಗೆ ಗೊತ್ತಿದ್ದದ್ದು ಅದೊಂದೇ, ಬೇಳೆ ಬೇಯಬೇಕು, ಸಾಬೂನು ನೊರೆ ಬರಬೇಕು. ಆಕೆ ದಿನಾ ಕುಡಿಯುವ ನೀರಿಗೆ, ಸಾರಿನ ನೀರಿಗೆ ನಮ್ಮಲ್ಲಿಗೇ ಕೊಡ ಹಿಡಿದು ಬರುತ್ತಿದ್ದಳು. ನನಗೆ ಅದರ ಡೌಲು ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಮಳೆಗಾಲ ಆಕೆಯ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಸೊಲ್ಲಾಪುರಕ್ಕೆ ಕೊಟ್ಟ ಹುಡುಗಿ. ಲಂಗ ಹಾಕಿಕೊಂಡು ನಮ್ಮ ಬಾವಿಯ ಕಟ್ಟೆಯ ಮೇಲೆ ಕುಂಟೆಬಿಲ್ಲೆ ಆಡಿದವಳು. ಎಷ್ಟು ಬೈದರೂ ಇಳಿಯುತ್ತಿರಲಿಲ್ಲ. ಈಗ ಹೊಟ್ಟೆ ಹೊತ್ತು, ಸೊಂಟಕ್ಕೆ ಕೈ ಕೊಟ್ಟು ಬಂದು, "ಮೌಶಿ, ನಿಮ್ಮ ಬಾವಿ ನೀರ ಕುಡಿಬೇಕಂತನ ಬಂದೇನಿ ನೋಡ್ರಿ" ಎಂದಳು. ಕೊಟ್ಟೆ. ಎರಡು ತಂಬಿಗೆ ಕುಡಿದಳು.

ಅದೇ ಹೊತ್ತಿಗೆ ಸುತ್ತಲಿನ ಲೇಔಟುಗಳಲ್ಲಿ ಕಾಮಾಲೆ ಶುರುವಾಗಿತ್ತು. ನಾವು ಕಾಮಣಿ ಎನ್ನುತ್ತೇವೆ, ಮರಾಠಿಯವರು ಕಾವೀಳ ಎನ್ನುತ್ತಾರೆ. ಬಸುರಿಗೆ ಅದು ಬಂದರೆ ಉಳಿಯುವುದು ಕಷ್ಟ ಎಂದು ಬಾಯಿಂದ ಬಾಯಿಗೆ ಮಾತು ಬಂತು. ಧಾರವಾಡದಾಕೆ ಹೆದರಿದಳು. ಮಗಳಿಗೆ ನೀರು ಕುದಿಸಿ ಆರಿಸಿ ಕೊಡತೊಡಗಿದಳು. ಸೀಮೆಎಣ್ಣೆ ಸುಟ್ಟರೆ ಸುಡಲಿ ಎನ್ನುತ್ತಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಸರ್ಕಾರದ ಕಡೆಯಿಂದ ಒಬ್ಬ ಬಂದ. ಪೋಳಾ ಹಬ್ಬದ ಮುಂಚೆ ಇರಬೇಕು, ಎತ್ತುಗಳಿಗೆ ಗೊಂಡೆ ಮಾರುವವರು ಓಡಾಡುತ್ತಿದ್ದರು. ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಬಂದು ಸಾಲಿನ ಹೆಂಗಸರನ್ನೆಲ್ಲ ನಮ್ಮ ಗೇಟಿನ ಮುಂದೆ ಸೇರಿಸಿದ. ನಳ ಇಲ್ಲದ ಮನೆಗಳ ಸ್ವಂತ ಬಾವಿಯನ್ನು ಸರ್ಕಾರವೇ ಪುಕ್ಕಟೆ ಪರೀಕ್ಷೆ ಮಾಡಿಸುತ್ತದೆ, ನೀರು ಕೆಟ್ಟಿದ್ದರೆ ಶುದ್ಧ ಮಾಡುವ ಪುಡಿಯನ್ನೂ ಕೊಡುತ್ತದೆ ಎಂದ.

ಧಾರವಾಡದಾಕೆಗೆ ಅದು ಸೇರಲಿಲ್ಲ. "ನಮ್ಮ ಅಂಗಳದಾಗ ನಾವು ತೋಡಿಸಿದ ಬಾವಿ. ಸರ್ಕಾರಕ್ಕ ಇದರಾಗ ಏನ್ ಕೆಲಸರಿ? ನಾವೇನ್ ಝೋಪಡಪಟ್ಟಿಯವರ?"

ನಮ್ಮ ಯಜಮಾನರು ಡ್ಯೂಟಿಗೆ ಹೊರಟಿದ್ದವರು ಗೇಟಿನಲ್ಲೇ ನಿಂತು ಅಂದರು, "ಪುಕ್ಕಟೆ ಮಾಡ್ತೇನಿ ಅಂತಾನ, ಮಾಡಸ್ಕೋರಿ ತಂಗೀ. ಸರ್ಕಾರಿ ಬಾವಿ ನೀರ ಕುಡದ ಬಂದ ಕಾಮಣಿ ಬ್ಯಾರೆ, ಮನಿ ಬಾವಿ ನೀರ ಕುಡದ ಬಂದ ಕಾಮಣಿ ಬ್ಯಾರೆ ಇರತೈತೇನು?"

ಆ ಮನುಷ್ಯ ಮನೆಗೊಂದು ಬಾಟಲಿ ಕೊಟ್ಟ. ಬಾಯಿಗೆ ಕಾಗದ ಕಟ್ಟಿದ್ದ ಗಾಜಿನ ಬಾಟಲಿ. ನಾಳೆ ಬೆಳಗ್ಗೆ ಬರುತ್ತೇನೆ, ಅಷ್ಟರಲ್ಲಿ ಬಾವಿಯಿಂದ ಸೇದಿದ ನೀರನ್ನು ಸೀದಾ ಇದಕ್ಕೆ ತುಂಬಿಡಿ, ಮತ್ತೇನೂ ಮಾಡಬೇಡಿ ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿದ. ಎಲ್ಲರೂ ಬರೋಬರ್ ಬರೋಬರ್ ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ಮರುದಿನ ನಾನು ಕೊಡಪಾನ ಬಿಟ್ಟು, ಸೇದಿ, ತುಂಬಿ ಕೊಟ್ಟೆ. ಒಂದು ಕಸದ ಎಳೆ ತೇಲುತ್ತಿತ್ತು. ಬೆರಳಲ್ಲಿ ತೆಗೆಯಲು ಹೋದರೆ ಆತ ಕೈ ಹಾಕಬೇಡಿ ಎಂದ, ಬಿಟ್ಟೆ. ಧಾರವಾಡದಾಕೆ ಗೋಡೆಯ ಆಚೆಯಿಂದ ನೋಡುತ್ತಿದ್ದಳು.

ಕೆಲವು ದಿನ ಬಿಟ್ಟು ಬಂದವನ ಕೈಯಲ್ಲಿ ಎರಡು ಬಣ್ಣದ ಡಬ್ಬಿ ಇದ್ದವು. ಒಳ್ಳೆಯ ಬಾವಿಯ ಕಟ್ಟೆಗೆ ಹಸಿರು ಪಟ್ಟೆ, ಕೆಟ್ಟ ಬಾವಿಗೆ ಕೆಂಪು. ಸಾಲಿನ ಆ ತುದಿಯಿಂದ ಬಳಿಯುತ್ತ ಬಂದ. ಹಸಿರು, ಹಸಿರು, ಹಸಿರು. ಧಾರವಾಡದವರದೂ ಹಸಿರು. ನಮ್ಮಲ್ಲಿಗೆ ಬಂದು ಕೆಂಪು ಡಬ್ಬಿಯ ಮುಚ್ಚಳ ತೆಗೆದ.

ನಾನು ಕುಂಚ ಹಿಡಿದ ಅವನ ಕೈಯನ್ನೇ ಹಿಡಿದೆ. "ಇದು ಬ್ಯಾಳಿ ಬೇಯೂ ನೀರು! ಆ ಮನಿ ನೀರಿಗೆ ಸಬಕಾರ ನೊರೀನೂ ಬರೂದಿಲ್ಲ, ಅದಕ್ಕ ಹಸರ ಹಚ್ಚೀದಿ. ಕಣ್ಣ ಕಾಣ್ತಾವೋ ಇಲ್ಲೋ ನಿನಗ?"

ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಅವನಿಗೆ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಬೇಳೆ ಬೇಯುವುದು ಬೇರೆ, ಹೊಲಸು ಬೆರೆತಿರುವುದು ಬೇರೆ ಮಾವಶಿ, ನಿಮ್ಮ ನೀರಿನಲ್ಲಿ ಪಾಯಖಾನೆಯ ಕ್ರಿಮಿ ಸಿಕ್ಕಿದೆ ಎಂದ. ಪಾಯಖಾನೆ ಎಂಬ ಮಾತು ಕೇಳಿ ಅವನ ಕೈ ಬಿಟ್ಟೆ. ಬೆಳಗ್ಗೆ ತಾನೇ ಅದೇ ನೀರಿನಲ್ಲಿ ದೇವರಿಗೆ ಅಭಿಷೇಕ ಮಾಡಿದ್ದೆ.

ಒಂದು ಮಣ್ಣಿನ ಗಡಿಗೆ ತಂದ. ತಳದಲ್ಲಿ ತೂತು, ಒಳಗೆ ಮರಳು ಮತ್ತು ಬ್ಲೀಚಿಂಗ್ ಪುಡಿ. ಹಗ್ಗ ಕಟ್ಟಿ ಬಾವಿಯೊಳಗೆ ಇಳಿಬಿಟ್ಟ. ಪುಡಿ ತೀರಿದಾಗ ತಾನೇ ಬಂದು ಬದಲಿಸುತ್ತೇನೆ ಎಂದ, ಹಾಗೇ ಬಂದೂ ಬದಲಿಸಿದ. ಕಾಸು ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಮ್ಮ ನೀರಿಗೆ ಘಾಟು. ಚಹಾ ಕೂಡ ಧೋಬಿಯ ಮನೆಯಲ್ಲಿ ಕುದಿಸಿದಂತೆ.

ಇಡೀ ಸಾಲಿನಲ್ಲಿ ಕೆಂಪು ನಮ್ಮದೊಂದೇ. ಧಾರವಾಡದಾಕೆಯ ಕೊಡ ನಮ್ಮ ಬಾವಿಗೆ ಬರುವುದು ನಿಂತಿತು. ಮಗಳ ಸೀಮಂತದ ಕುಬಸದ ದಿನ ನಾನು ಎಂದಿನಂತೆ ಪಾನಕಕ್ಕೆ ಬೆಲ್ಲ ನೆನೆಸಲು ಹೋದೆ. ಹಸಿರು ಸೀರೆ ಉಟ್ಟು ಹುಡುಗಿ ಕೂತಿದ್ದಳು, ಮನೆ ತುಂಬ ಹೆಂಗಸರು. ಎಲ್ಲರ ಮುಂದೆ ಆಕೆ ನನ್ನ ಕೈಯ ಪಾತ್ರೆ ಇಸಿದುಕೊಂಡಳು.

"ನೀವು ಕೂಡ್ರಿ ವೈನಿ. ನಿಮ್ಮ ಮನಿ ನೀರಿನ ಕೈ ಇವತ್ತ ಬ್ಯಾಡ. ಬಸರಿ ಹುಡುಗಿ ಐತಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ನಾನು ಕೂತೆ. ಆರತಿ ಮಾಡಿ, ಊಟ ಮಾಡಿಯೇ ಬಂದೆ. ಎದ್ದು ಬಂದಿದ್ದರೆ ಮಾತು ಇನ್ನೂ ಬೆಳೆಯುತ್ತಿತ್ತು. ಅಂದು ಒಂದು ಮಾತು ನನ್ನ ಕಿವಿಗೆ ಬಿತ್ತು. ನೀರು ಕುದಿಸಿದ್ದೇನು ಎಂದು ಯಾರೋ ಕೇಳಿದ್ದಕ್ಕೆ ಆಕೆ, "ಸರ್ಕಾರನ ಹಸರ ಹಚ್ಚಿ ಹೋದ ಮ್ಯಾಲೆ ಇನ್ನ ಯಾಕ ಕುದಸೂದರಿ? ಸೀದಾ ಬಾವೀದ ಕುಡೀತಾಳ" ಎಂದಳು. ಹುಡುಗಿ ಮಾತ್ರ ನನ್ನ ಕಡೆ ನೋಡಿ ಮೂಗಿನ ಮೇಲೆ ಬೆರಳಿಟ್ಟು ನಕ್ಕಳು, ಅವ್ವನ ಮಾತು ಹಚ್ಚಿಕೊಳ್ಳಬೇಡಿ ಎನ್ನುವ ಹಾಗೆ.

ನವರಾತ್ರಿ ಮುಗಿದಿತ್ತು. ಒಂದು ಮಧ್ಯಾಹ್ನ ಅವಳು ಕಾಂಪೌಂಡಿನ ಆಚೆ ವಾಂತಿ ಮಾಡಿಕೊಳ್ಳುವ ಸಪ್ಪಳ ಕೇಳಿ ಹೋದೆ. ಗೋಡೆ ಹಿಡಿದು ನಿಂತಿದ್ದಳು. ತಲೆ ಎತ್ತಿದಾಗ ಬಿಸಿಲು ಮುಖಕ್ಕೆ ಬಿತ್ತು. ಕಣ್ಣಿನ ಬಿಳಿ ಎಂಬುದು ಇರಲೇ ಇಲ್ಲ. ಅರಿಶಿನದ ನೀರಲ್ಲಿ ಅದ್ದಿ ತೆಗೆದ ಹಾಗೆ. ಅವಳ ಅವ್ವನನ್ನು ಕೂಗಿ ಕರೆದೆ.

ಆಟೋ ತರಿಸಿ ದವಾಖಾನೆಗೆ ಒಯ್ದೆವು. ಎಂಟು ತಿಂಗಳು ತುಂಬಿದ ಹೊಟ್ಟೆ. ಡಾಕ್ಟರಮ್ಮ ಕಣ್ಣರೆಪ್ಪೆ ಕೆಳಗೆ ಎಳೆದು ನೋಡಿ, ನೀರು ಎಲ್ಲಿಂದ ಕುಡಿಯುತ್ತೀರಿ ಎಂದು ಮೊದಲ ಮಾತಿಗೇ ಕೇಳಿದರು. ಆಮೇಲೆ, ತಾಯಿಯೂ ಉಳಿಯುತ್ತಾಳೆ, ಕೂಸೂ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ ಎಂದರು.

ಧಾರವಾಡದಾಕೆ ವರಾಂಡದಲ್ಲಿ ನನ್ನ ಮೇಲೆ ಹರಿಹಾಯ್ದಳು. "ನಿಮ್ಮ ನೀರ ವೈನಿ! ಬಂದ ದಿನಾನ ಎರಡ ತಂಬಗಿ ಕುಡಿಸಿದ್ರಿ. ನಿಮ್ಮದ ಕೆಂಪ ಐತಿ, ನಮ್ಮದಲ್ಲ. ನನ್ನ ಮಗಳಿಗೆ ನೀವ ಹಚ್ಚೀರಿ ಇದನ್ನ."

"ಅದು ಯಾವಾಗಿನ ಮಾತು? ಆಮ್ಯಾಲೆ ನಮ್ಮ ಅಂಗಳಕ್ಕ ಬಿಡಲಿಲ್ಲ ನೀವು. ನಮ್ಮ ಮನ್ಯಾಗ ಯಾರಿಗೆ ಕಾಮಣಿ ಬಂತು ತೋರಸ್ರಿ."

"ನಿಮಗ ನೀರಿನ ಮಾನಮರ್ಯಾದಿ ತಿಳೀತಿದ್ರ ಕೆಂಪ ಯಾಕ ಬರ್ತಿತ್ತು? ಸೇದಿದ್ದ ಸೇದಿದಂಗ, ಕಸಾ ತೇಲೂ ನೀರ ತುಂಬಿ ಸರ್ಕಾರದ ಮನಷ್ಯಾಗ ಕೊಡ್ತಾರೇನ್ರಿ ಯಾರರ? ನಾ ಹೆಂಗ ಕೊಟ್ಟೆ ಕೇಳ್ರಿ. ತಾಮ್ರದ ಕೊಡಾ ಹುಣಸಿಹಣ್ಣ ಹಚ್ಚಿ ತಿಕ್ಕೀನಿ. ಮೂರಪದರ ಅರವಿಲೆ ಸೋಸೀನಿ. ನೀರ ತಿಳಿ ಆಗ್ಲಿ ಅಂತ ತುರಟಿ ತಿರವೀನಿ. ರಾತ್ರೆಲ್ಲಾ ತಾಮ್ರದಾಗಿಟ್ಟು, ಬೆಳಿಗ್ಗೆ ಮ್ಯಾಲಿನ ತಿಳಿ ಅಷ್ಟ ಬಾಟ್ಲಿಗೆ ಹಾಕೀನಿ. ಮನಿ ನೀರ ಹೊರಗ ಕಳಸೂದಂದ್ರ ಹಂಗ ಕಳಸಬೇಕು!"

ನಾನು ಆಕೆಯ ಮುಖವನ್ನೇ ನೋಡಿದೆ. ಬಯ್ಯುವುದು ಮರೆತುಹೋಯಿತು. "ಬಾಟ್ಲಿಗೆ ಅದನ್ನ ಹಾಕಿದಿರಿ?"

"ಮತ್ತ?"

"ಹುಡುಗಿಗೆ ದಿನಾ ಯಾವುದ ಕೊಡ್ತಿದ್ರಿ?"

ಆಕೆಯ ಕೈ ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆ ನಿಂತಿತು. ತಾಮ್ರದ ಕೊಡ ಹಬ್ಬಕ್ಕೆ, ಅತಿಥಿಗೆ. ದಿನದ ನೀರು ಬಾವಿಯಿಂದ ಸೀದಾ ಮಡಕೆಗೆ. ಎಲ್ಲರ ಮನೆಯಲ್ಲೂ ಹಾಗೇ. ಒಬ್ಬರಿಗೆ ತೋರಿಸುವ ನೀರು ಬೇರೆ, ಕುಡಿಯುವ ನೀರು ಬೇರೆ.

ಗೋಡೆಗೆ ಒರಗಿ ಆಕೆ ಹಾಗೇ ಕೆಳಗೆ ಜಾರಿ ಕೂತಳು. ನಾನು ಹಿಡಿಯಲಿಲ್ಲ. ಕೈಯೇ ಬರಲಿಲ್ಲ.

ಸಂಜೆ ಮನೆಗೆ ಬಂದು ಸಾಲಿನ ಒಂದೊಂದೇ ಮನೆಗೆ ಹೋಗಿ ಕೇಳಿದೆ. ನಿಮ್ಮ ಬಾಟಲಿಗೆ ಯಾವ ನೀರು ಹಾಕಿದಿರಿ? ಒಬ್ಬಳು ಕುದಿಸಿ ಹಾಕಿದ್ದಳು. ಒಬ್ಬಳು ಸೋಸಿ, ತುಳಸಿ ಎಲೆ ಬಿಟ್ಟು ತೆಗೆದಿದ್ದಳು. ಧಾರವಾಡದವರ ಆಚೆಯ ಮರಾಠಿಯಾಕೆ, ಸಣ್ಣ ಮಕ್ಕಳ ತಾಯಿ, ಬೆಳ್ಳಿಯ ತಂಬಿಗೆಯಲ್ಲಿ ಇಟ್ಟಿದ್ದಳು. ಎಲ್ಲರೂ ನಗುನಗುತ್ತ, ಅಡುಗೆಯ ಗುಟ್ಟು ಹೇಳುವಂತೆ ಹೇಳಿದರು. ಹೆಣ್ಣು ನೋಡಲು ಬರುವವರ ಮುಂದೆ ಮಗಳನ್ನು ಹೇಗೆ ಅಲಂಕಾರ ಮಾಡಿ ಕೂರಿಸುತ್ತೇವೋ ಹಾಗೆ ಇಡೀ ಸಾಲು ನೀರಿಗೆ ಅಲಂಕಾರ ಮಾಡಿ ಕಳಿಸಿತ್ತು. ಆ ಮನುಷ್ಯ ಎರಡು ಭಾಷೆಯಲ್ಲಿ ಹೇಳಿ ಹೋಗಿದ್ದ. ಪಾಪ, ಅವನಿಗೆ ರೀತಿ ತಿಳಿಯುವುದಿಲ್ಲ ಎಂದುಕೊಂಡಿದ್ದರು.

ನಾನೇನು ಜಾಣೆಯಲ್ಲ. ನಮ್ಮ ತಾಮ್ರದ ಕೊಡ ಸೋರುತ್ತಿತ್ತು, ಸೀತಾಬರ್ಡಿಯ ಬೋಗಾರನ ಹತ್ತಿರ ಬೆಸುಗೆಗೆ ಹೋಗಿತ್ತು. ಅದು ಮನೆಯಲ್ಲಿದ್ದಿದ್ದರೆ ನಾನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ನಮ್ಮ ಕಟ್ಟೆಗೂ ಹಸಿರು ಬೀಳುತ್ತಿತ್ತು. ನಮ್ಮ ಮನೆಯಲ್ಲೂ ಯಾರದಾದರೂ ಕಣ್ಣು ಹಳದಿಯಾಗುತ್ತಿತ್ತು. ಒಂದು ಸೋರುವ ಕೊಡ ನಮ್ಮನ್ನು ಉಳಿಸಿತು.

ಯಜಮಾನರು ಮರುದಿನವೇ ಸೈಕಲ್ ಹೊಡೆದುಕೊಂಡು ಹೋಗಿ ಆ ಮನುಷ್ಯನನ್ನು ಕರೆತಂದರು. ನಡೆದದ್ದು ಕೇಳಿ ಆತ ಹಣೆ ಬಡಿದುಕೊಂಡ. ಈ ಸಲ ತಾನೇ ಒಂದೊಂದು ಬಾವಿಗೂ ಕೊಡಪಾನ ಬಿಟ್ಟು ತುಂಬಿದ. ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು, ತಲೆಬಾಚದೆ ಹೊರಗೆ ಬಂದವರ ಹಾಗೆ ನಾಚಿಕೊಂಡರು.

ನಾನು ಆ ದಿನಗಳಲ್ಲಿ ಮೆಣಸಿನಕಾಯಿ ಒಣಗಿಸಲು ಮಾಳಿಗೆ ಹತ್ತಿದ್ದೆ. ಕೆಳಗೆ ಎಲ್ಲ ಅಂಗಳಗಳೂ ಸಾಲಾಗಿ ಕಂಡವು. ಮೊದಲು ಎಷ್ಟೋ ಸಲ ನೋಡಿದ್ದೆ. ಆದರೆ ಅಂದು ಬಾವಿಗಳನ್ನು ನೋಡುತ್ತಿದ್ದೆ. ನಮ್ಮ ಬಾವಿ ನಮ್ಮ ಈಶಾನ್ಯದ ಮೂಲೆಗೆ. ಅದಕ್ಕೆ ತಗುಲಿ, ಗೋಡೆಯ ಆಚೆ, ಪೂರ್ವದ ಮನೆಯವರ ವಾಯವ್ಯದ ಮೂಲೆ. ಅಲ್ಲಿ ಅವರ ಗುಂಡಿ. ಈ ಕಡೆ ತಿರುಗಿದೆ. ನಮ್ಮ ವಾಯವ್ಯದ ಮೂಲೆಯಲ್ಲಿ ನಮ್ಮ ಗುಂಡಿ. ಅದಕ್ಕೆ ತಗುಲಿ, ಗೋಡೆಯ ಆಚೆ, ಧಾರವಾಡದವರ ಹಸಿರು ಪಟ್ಟೆಯ ಬಾವಿ.

ಸಾಲಿನ ಕೊನೆಯವರೆಗೂ ಹಾಗೇ. ಗುಂಡಿ, ಬಾವಿ, ಗುಂಡಿ, ಬಾವಿ. ಎಲ್ಲರೂ ಶಾಸ್ತ್ರ ಬಿಡದೆ ಕಟ್ಟಿದ್ದರು. ಎಲ್ಲರ ಹೊಲಸೂ ಪಕ್ಕದವರ ದೇವಮೂಲೆಗೆ ಇಳಿಯುತ್ತಿತ್ತು. ನಡುವೆ ಇಟ್ಟಿಗೆಯ ಒಂದು ಗೋಡೆ, ಅದೂ ನೆಲದ ಮೇಲೆ ಮಾತ್ರ.

ಆ ಹುಡುಗಿ ಕುಡಿದದ್ದು ನಮ್ಮ ಬಾವಿಯದಲ್ಲ ಎಂದು ನಾನು ಎದೆ ಎತ್ತಿ ಹೇಳಿದ್ದೆ. ಬಾವಿಯದಲ್ಲ, ನಮ್ಮ ಗುಂಡಿಯದು.

ಅದೇ ವಾರ ದವಾಖಾನೆಯಲ್ಲಿ ಅವಳಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು. ಗಂಡು ಕೂಸು. ಅಳಲಿಲ್ಲ. ಅವಳಿಗೆ ಎಚ್ಚರ ತಪ್ಪಿತ್ತು, ಬಹಳ ದಿನ ಆ ಕಡೆ ಈ ಕಡೆ ಆಗಿ ಕೊನೆಗೆ ಉಳಿದಳು. ದೀಪಾವಳಿಯ ಹೊತ್ತಿಗೆ ಮನೆಗೆ ಬಂದಾಗ ಬಳೆ ಮೊಳಕೈ ತನಕ ಏರುತ್ತಿದ್ದವು. ಬಾಣಂತಿ ಮೊದಲ ಸಲ ಹೊರಗೆ ಬಂದು ಬಾವಿಗೆ ಅರಿಶಿನ ಕುಂಕುಮ ಹಚ್ಚಿ ಗಂಗಿಪೂಜೆ ಮಾಡುವ ಪದ್ಧತಿ ನಮ್ಮಲ್ಲಿದೆ. ಅದನ್ನು ಮಾಡಿಸುವ ಮಾತು ಯಾರೂ ಎತ್ತಲಿಲ್ಲ.

ಎರಡನೇ ಪರೀಕ್ಷೆಯಲ್ಲಿ ಇಡೀ ಸಾಲು ಕೆಂಪಾಯಿತು. ಎಲ್ಲ ಬಾವಿಗೂ ಸರ್ಕಾರದ ಗಡಿಗೆ ಇಳಿಯಿತು. ಹಸಿರು ಕಾಣದಂತೆ ಎರಡು ಸಲ ಕೆಂಪು ಬಳಿಯಪ್ಪಾ ಎಂದು ಧಾರವಾಡದಾಕೆ ತಾನೇ ಡಬ್ಬಿ ಹಿಡಿದು ನಿಂತಿದ್ದಳು. ಪುಡಿಯ ಸಂಗಡ ಸರ್ಕಾರದವರು ಇನ್ನೊಂದು ಮಾತು ಹೇಳಿದರು. ಪುಡಿ ಎಷ್ಟು ದಿನ ಹಾಕುತ್ತೀರಿ, ಗುಂಡಿ ದೂರ ಮಾಡಿ ಎಂದರು. ನಮ್ಮ ಯಜಮಾನರು ಆ ಗುಂಡಿ ಮುಚ್ಚಿಸಿ ರಸ್ತೆಯ ಕಡೆಗೆ ಬೇರೆ ತೋಡಿಸಿದರು. ಮನೆಯ ಎದುರಿಗೆ ಪಾಯಖಾನೆಯ ಗುಂಡಿಯೇ ಎಂದು ಬಂದವರೆಲ್ಲ ಮೂಗು ಮುರಿದರು. ಮುರಿಯಲಿ.

ಗುಂಡಿ ಯಾಕೆ ಕಿತ್ತಿಸಿದೆವು ಎಂದು ಧಾರವಾಡದಾಕೆ ಕೇಳಲಿಲ್ಲ. ಬೇಕಿದ್ದರೆ ಹೇಳದೆ ಇರಬಹುದಿತ್ತು. ಯಜಮಾನರೂ, ಆಗಿದ್ದು ಆತು, ಯಾಕ ಹೇಳ್ತಿ ಎಂದರು. ನನಗೆ ತಡೆಯಲಿಲ್ಲ. ಮಗಳನ್ನು ಸೊಲ್ಲಾಪುರದ ಗಾಡಿಗೆ ಹತ್ತಿಸಿ ಬಂದ ದಿನ ಆಕೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

"ವೈನಿ, ನಮ್ಮ ಹಳೇ ಗುಂಡಿ ನಿಮ್ಮ ಬಾವಿಗೆ ಹತ್ತಿತ್ತು. ಮಾಳಗಿ ಮ್ಯಾಲಿಂದ ನೋಡೀನಿ. ಹುಡುಗಿ ಕುಡದದ್ದು ನಮ್ಮ ಹೊಲಸು."

ಬಯ್ಯಲಿ ಎಂದು ಕಾದೆ. ಎರಡು ಬಾರಿಸಿದ್ದರೂ ಸುಮ್ಮನಿರುತ್ತಿದ್ದೆ. ಆಕೆ ಆ ಮೂಲೆಯ ಬಾವಿಯನ್ನು ನೋಡಿದಳು. ಆಮೇಲೆ ತಲೆ ತಿರುಗಿಸಿ, ತನ್ನ ಮನೆಯ ಇನ್ನೊಂದು ಮೂಲೆಯ ಕಡೆ, ತನ್ನ ಗುಂಡಿಯ ಕಡೆ ನೋಡಿದಳು. ಗೋಡೆಯ ಆಚೆ ಮರಾಠಿಯವರ ಮಕ್ಕಳು ಬಾವಿಕಟ್ಟೆಯ ಹತ್ತಿರ ಗಲಾಟೆ ಮಾಡುತ್ತಿದ್ದವು.

"ಹಂಗಾರ ನಮ್ಮ ಗುಂಡಿ?" ಎಂದಳು.

ಆಕೆ ಎದ್ದಳು. ಚಪ್ಪಲಿ ಮೆಟ್ಟಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹಾಗೇ ಹೊರಟಳು. ಸ್ವಲ್ಪ ಹೊತ್ತಿಗೆ ಮರಾಠಿಯವರ ಗೇಟು ತೆರೆದ ಸಪ್ಪಳ ಕೇಳಿತು. ಅದರ ಹಿಂದೆಯೇ ಆಕೆಯ ಧ್ವನಿ, ಮುರುಕು ಮರಾಠಿಯಲ್ಲಿ, ಪುಡಿ ಹಾಕಿದ್ದರೂ ಮಕ್ಕಳಿಗೆ ಆ ನೀರು ಕುಡಿಸಬೇಡಿ, ಮೊದಲು ನನ್ನ ಮಾತು ಕೇಳಿ ಎಂದು.